ಹೆಸರು ಹಳೆಯದೋ, ವಿದ್ಯೆ ಹಳೆಯದೋ? ಕೊರಿಯಾದ ಸಮರ ಕಲೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗ ಒಂದು ವರ್ಷದಿಂದ ಟೇಕ್ವಾಂಡೊ ಕಲಿಯುತ್ತಿದ್ದಾನೆ. ಅವನಿಗೆ ಕೊಟ್ಟ ಪುಸ್ತಕದಲ್ಲಿ ಇದು 2000 ವರ್ಷ ಹಳೆಯ ಕೊರಿಯನ್ ವಿದ್ಯೆ ಅಂತ ಇದೆ. ಬೇರೆ ಕಡೆ ಓದಿದರೆ ಕರಾಟೆಯಿಂದ ಬಂದದ್ದು ಅಂತಾರೆ. ಯಾವುದನ್ನು ನಂಬಲಿ?

ಉತ್ತರ: ಎರಡನೆಯ ಮಾತೇ ನಿಜಕ್ಕೆ ಹತ್ತಿರ. ಟೇಕ್ವಾಂಡೊ ಅನ್ನುವ ಹೆಸರು ಹುಟ್ಟಿದ್ದೇ 1955ರಲ್ಲಿ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತಲ್ಲ, ಆಗ ಓದಲಿಕ್ಕೆ ಜಪಾನಿಗೆ ಹೋದ ಕೊರಿಯನ್ ಹುಡುಗರು ಅಲ್ಲಿ ಕರಾಟೆ ಕಲಿತರು. ಲೀ ವೊನ್ ಕುಕ್ ಮತ್ತು ರೋ ಬ್ಯುಂಗ್ ಜಿಕ್ ಇಬ್ಬರೂ ಕರಾಟೆ ಗುರು ಗಿಚಿನ್ ಫುನಾಕೋಶಿಯವರ ಶಿಷ್ಯರು. ಊರಿಗೆ ಮರಳಿದ ಮೇಲೆ ಲೀ 1944ರಲ್ಲಿ ಸೋಲ್ ನಗರದಲ್ಲಿ ಚುಂಗ್ ಡೋ ಕ್ವಾನ್ ಶುರುಮಾಡಿದರು, ರೋ ಅವರದು ಸೊಂಗ್ ಮೂ ಕ್ವಾನ್. ಚಾಂಗ್ ಮೂ ಕ್ವಾನ್ ಕಟ್ಟಿದ ಯೂನ್ ಬ್ಯುಂಗ್ ಇನ್ ಮಂಚೂರಿಯಾದಲ್ಲಿ ಚೀನೀ ವಿದ್ಯೆಯನ್ನೂ ಕಲಿತಿದ್ದರು, ಜಪಾನಿನಲ್ಲಿ ಕರಾಟೆಯನ್ನೂ ಕಲಿತಿದ್ದರು. ಕ್ವಾನ್ ಅಂದರೆ ಮನೆ, ಶಾಲೆ. ಸಂಗೀತದಲ್ಲಿ ಘರಾನಾ ಅಂತೀವಲ್ಲ, ಹೆಚ್ಚು ಕಡಿಮೆ ಹಾಗೆ.

ಇಂಥ ಹಲವು ಮನೆಗಳನ್ನು ಒಂದೇ ಹೆಸರಿನ ಕೆಳಗೆ ತರುವ ಕೆಲಸ ಸುಲಭದ್ದಾಗಿರಲಿಲ್ಲ. ಸೇನಾಧಿಕಾರಿ ಚೋಯಿ ಹೊಂಗ್ ಹಿ 'ಟೇಕ್ವಾಂಡೊ' ಪದವನ್ನು ಮುಂದಿಟ್ಟರು. 'ಟೇ' ಅಂದರೆ ಕಾಲಿನ ಹೊಡೆತ, 'ಕ್ವಾನ್' ಅಂತ ಕೇಳಿಸುವ 'ಕ್ವೊನ್' ಅಂದರೆ ಮುಷ್ಟಿ, 'ಡೋ' ಅಂದರೆ ದಾರಿ. (ಈ ಕ್ವೊನ್ ಬೇರೆ, ಶಾಲೆ ಅನ್ನುವ ಕ್ವಾನ್ ಬೇರೆ.) ಈ ಪದದ ಸದ್ದು ತೇಕ್ಯೊನ್ ಅನ್ನುವ ಹಳೆಯ ಕೊರಿಯನ್ ಆಟದ ಹೆಸರನ್ನು ನೆನಪಿಸುತ್ತದೆ, ಮತ್ತು ಅದು ಬೇಕೆಂದೇ ಮಾಡಿದ್ದು. ಎಲ್ಲರೂ ಒಪ್ಪಲಿಲ್ಲ. 1961ರಲ್ಲಿ ಈ ಶಾಲೆಗಳ ಒಕ್ಕೂಟದವರು ಟೇಸೂಡೊ ಅನ್ನುವ ಹೆಸರು ಹಿಡಿದರು, 1965ರಲ್ಲಿ ಮತ್ತೆ ಟೇಕ್ವಾಂಡೊಗೇ ಬಂದರು.

ಹಾಗಾದರೆ 2000 ವರ್ಷದ ಕಥೆ ಎಲ್ಲಿಂದ ಬಂತು? ಗೊಗುರ್ಯೊ ಅನ್ನುವ ಪ್ರಾಚೀನ ಕೊರಿಯನ್ ರಾಜ್ಯದ ಕಾಲದ ಒಂದು ಸಮಾಧಿಯ ಗೋಡೆಯ ಮೇಲೆ ಇಬ್ಬರು ಗಂಡಸರು ಕೈ ಎತ್ತಿ ಎದುರುಬದುರು ನಿಂತ ಚಿತ್ರ ಇದೆ. ಅದನ್ನು ತೋರಿಸಿ 'ನೋಡಿ, ಇದೇ ನಮ್ಮ ವಿದ್ಯೆ' ಅಂತಾರೆ. ಜನ ಆಗಲೂ ಬರಿಗೈಯಲ್ಲಿ ಸೆಣಸುತ್ತಿದ್ದರು ಅನ್ನುವುದಕ್ಕೆ ಆ ಚಿತ್ರ ಸಾಕ್ಷಿ ಹೇಳಬಹುದು. ಆದರೆ ಗುರುವಿನಿಂದ ಶಿಷ್ಯನಿಗೆ ಏನು ದಾಟಿತು ಅನ್ನುವುದು ಚಿತ್ರದಲ್ಲಿ ಸಿಗುವುದಿಲ್ಲ, ಅಲ್ವಾ?

ಇದನ್ನು ಓದಿ ಮಗನ ಹತ್ತಿರ 'ನಿನ್ನದು ನಕಲಿ' ಅಂತ ಮಾತ್ರ ಹೇಳಬೇಡಿ, ಅದು ಸುಳ್ಳಾಗುತ್ತದೆ. ಆ ಎತ್ತರದ ಒದೆತಗಳು, ತಿರುಗಿ ಒದೆಯುವ ವೇಗ, ಪಂದ್ಯದ ರೀತಿ, ಇವೆಲ್ಲ ಕೊರಿಯನ್ನರು ದಶಕಗಟ್ಟಲೆ ದುಡಿದು ಕಟ್ಟಿದ್ದು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪದಕದ ಆಟವಾಗಿದ್ದು ಆ ದುಡಿಮೆಯಿಂದಲೇ.

ಪ್ರಶ್ನೆ: ತಾಂಗ್ ಸೂ ಡೋ, ಸೂ ಬಾಕ್ ಡೋ, ಮೂ ಡುಕ್ ಕ್ವಾನ್, ಇವು ಮೂರು ಬೇರೆ ಬೇರೆಯಾ? ಟೇಕ್ವಾಂಡೊ ಕಲಿಸುವವರ ಅಂಗಿ ಮೇಲೂ ಮೂ ಡುಕ್ ಕ್ವಾನ್ ಅಂತ ನೋಡಿದ್ದೇನೆ.

ಉತ್ತರ: ಮೂ ಡುಕ್ ಕ್ವಾನ್ ಅನ್ನುವುದು ಶಾಲೆಯ ಹೆಸರು. ಉಳಿದೆರಡು ಆ ಶಾಲೆ ಕಲಿಸಿದ ವಿದ್ಯೆಗೆ ಬೇರೆ ಬೇರೆ ಕಾಲದಲ್ಲಿ ಇಟ್ಟ ಹೆಸರು. ಹ್ವಾಂಗ್ ಕಿ ಈ ಶಾಲೆ ಶುರುಮಾಡಿದ್ದು 1945ರಲ್ಲಿ. 'ತಾಂಗ್ ಸೂ' ಅಂದರೆ ಚೀನಾದ ತಾಂಗ್ ರಾಜವಂಶದ ಕೈ. ಕರಾಟೆಯನ್ನು ಮೊದಲು ಬರೆಯುತ್ತಿದ್ದದ್ದೂ ಇದೇ ಚೀನೀ ಅಕ್ಷರಗಳಲ್ಲಿ, ಜಪಾನಿನವರು ಆಮೇಲೆ ಅದನ್ನು 'ಬರಿಗೈ' ಅಂತ ಬದಲಾಯಿಸಿಕೊಂಡರು. ಅಂದರೆ ತಾಂಗ್ ಸೂ ಡೋ ಅನ್ನುವುದು ಕರಾಟೆಯ ಹಳೆಯ ಹೆಸರನ್ನು ಕೊರಿಯನ್ ಉಚ್ಚಾರದಲ್ಲಿ ಓದಿದ್ದು. ವರಸೆಗಳನ್ನೂ ನೋಡಿ: ಒಕಿನಾವಾದ 'ಪಿನಾನ್' ಇಲ್ಲಿ 'ಪ್ಯೊಂಗ್ ಆನ್' ಆಗಿದೆ. ಅಕ್ಷರ ಅದೇ, ಉಚ್ಚಾರ ಮಾತ್ರ ಬೇರೆ.

1957ರಲ್ಲಿ ಹ್ವಾಂಗ್ ಕಿ 'ಮುಯೆ ದೋಬೊ ತೊಂಗ್ಜಿ' ಓದಿದರು. 1790ರಲ್ಲಿ ಜೊಂಗ್ಜೊ ದೊರೆಯ ಅಪ್ಪಣೆಯಂತೆ ತಯಾರಾದ ಸೈನಿಕ ಕೈಪಿಡಿ ಅದು, ಒಟ್ಟು 24 ವಿದ್ಯೆಗಳು, ಹೆಚ್ಚಿನವು ಕತ್ತಿ ಈಟಿಗಳದ್ದು, ಬರಿಗೈಯದ್ದು ಒಂದೇ ಒಂದು ಅಧ್ಯಾಯ. ಅದನ್ನು ಓದಿ ಅವರು ಬರಿಗೈ ಸೆಣಸಾಟಕ್ಕಿದ್ದ 'ಸುಬಾಕ್' (ಸೂ ಬಾಕ್) ಅನ್ನುವ ಹಳೆಯ ಪದವನ್ನು ತಮ್ಮ ವಿದ್ಯೆಗೆ ತಂದುಕೊಂಡರು, ಕೆಲವು ಹೊಸ ವರಸೆಗಳನ್ನೂ ಕಟ್ಟಿದರು. ಸುಬಾಕ್ ನಿಜಕ್ಕೂ ಹಳೆಯದು. 1170ರಲ್ಲಿ ಕೊರಿಯಾವನ್ನು ಆಳುತ್ತಿದ್ದ ಗೊರ್ಯೊ ವಂಶದ ದೊರೆ ಉಯಿಜೊಂಗ್ ತನ್ನ ಸೈನಿಕರಿಂದ ಸುಬಾಕ್ ಆಡಿಸಿದಾಗ ವಯಸ್ಸಾದ ಸೇನಾಧಿಕಾರಿಯೊಬ್ಬ ಸೋತು ಹಿಂದೆ ಸರಿದ. ಆಸ್ಥಾನದ ಒಬ್ಬ ಎಳೆಯ ಅಧಿಕಾರಿ ಎಲ್ಲರೆದುರು ಅವನ ಕೆನ್ನೆಗೆ ಹೊಡೆದ. ಮೊದಲೇ ಕುದಿಯುತ್ತಿದ್ದ ಸೈನಿಕರು ಅದೇ ದಿನ ದಂಗೆ ಎದ್ದರು, ಮುಂದೆ ಸುಮಾರು 100 ವರ್ಷ ದೇಶ ಅವರ ಹಿಡಿತದಲ್ಲಿತ್ತು! ಆದರೆ ಆ ಸುಬಾಕ್‌ನಿಂದ ಹ್ವಾಂಗ್ ಕಿ ಅವರವರೆಗೆ ಗುರು ಶಿಷ್ಯರ ಸಾಲು ಇಲ್ಲ. ಪುಸ್ತಕದಿಂದ ಹೆಸರು ಬರುತ್ತದೆ, ಪಾಠ ಬರುವುದು ಗುರುವಿನ ಕೈಯಿಂದ.

ನಿಮ್ಮ ಅಂಗಿಯ ಪ್ರಶ್ನೆಗೆ ಉತ್ತರ ಸುಲಭ. 1960ರ ದಶಕದಲ್ಲಿ ಶಾಲೆ ಒಡೆಯಿತು. ಕೆಲವರು ಟೇಕ್ವಾಂಡೊಗೆ ಸೇರಿಕೊಂಡರು, ಕೆಲವರು ಹ್ವಾಂಗ್ ಕಿ ಜೊತೆಗೇ ಉಳಿದರು. ಎರಡೂ ಕಡೆಯವರು ಮನೆಯ ಹೆಸರು ಬಿಡಲಿಲ್ಲ.

ಪ್ರಶ್ನೆ: ಹಾಪ್ಕಿಡೊ ಮತ್ತು ಐಕಿಡೊ ಒಂದೇನಾ?

ಉತ್ತರ: ಕೊರಿಯಾದ ಹಾಪ್ಕಿಡೊ, ಜಪಾನಿನ ಐಕಿಡೊ ಎರಡನ್ನೂ ಬರೆಯುವ ಚೀನೀ ಅಕ್ಷರ ಒಂದೇ, ವಿದ್ಯೆ ಒಂದೇ ಅಲ್ಲ. ಹಾಪ್ಕಿಡೊದ ಮೂಲಪುರುಷ ಚೋಯಿ ಯೊಂಗ್ ಸುಲ್ ಜಪಾನಿನಲ್ಲಿ ಬೆಳೆದು, 1945ರ ನಂತರ ಕೊರಿಯಾದ ದೇಗು ನಗರಕ್ಕೆ ಬಂದರು. ದೈತೋ ರ್ಯೂ ಅನ್ನುವ ಜಪಾನಿ ಸಮರ ವಿದ್ಯೆಯ ಗುರು ಸೊಕಾಕು ತಕೇದ ಅವರ ಮನೆಯಲ್ಲೇ ಇದ್ದು ಕಲಿತೆ ಅಂತ ಹೇಳುತ್ತಿದ್ದರು. ತಕೇದ ಅವರ ಶಿಷ್ಯರ ದಾಖಲೆ ಪುಸ್ತಕಗಳಲ್ಲಿ ಚೋಯಿ ಅವರ ಹೆಸರು ಸಿಕ್ಕಿಲ್ಲ, ಆದರೆ ಕೈ ತಿರುಚುವ ಪಟ್ಟುಗಳ ಹೋಲಿಕೆ ಎದ್ದು ಕಾಣುತ್ತದೆ. ಐಕಿಡೊ ಕಟ್ಟಿದ ಮೊರಿಹೆ ಉಯೆಶಿಬ ಕೂಡ ತಕೇದ ಅವರ ಶಿಷ್ಯರೇ. ಚೋಯಿ ಮೊದಲ ಶಿಷ್ಯ ಸೊ ಬೊಕ್ ಸೊಪ್‌ಗೆ ಸಿಕ್ಕಿದ್ದು ಒಂದು ಮದ್ಯದ ಭಟ್ಟಿಯಲ್ಲಿ. ಅಲ್ಲಿ ಜಗಳವಾದಾಗ ಚೋಯಿ ಎದುರಾಳಿಗಳನ್ನು ಬೀಳಿಸಿದ ರೀತಿ ನೋಡಿ, ಜೂಡೊ ಬಲ್ಲ ಸೊ ಕಲಿಸಿ ಎಂದು ಕೇಳಿಕೊಂಡರು. ಹಾಪ್ಕಿಡೊ ಹೆಸರನ್ನು ಹರಡಿದವರಲ್ಲಿ ದೊಡ್ಡ ಪಾಲು ಶಿಷ್ಯ ಜಿ ಹಾನ್ ಜೆ ಅವರದು. ಇಂದಿನ ಹಾಪ್ಕಿಡೊದಲ್ಲಿ ಒದೆತ ಜಾಸ್ತಿ. ಐಕಿಡೊದಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು.

ಪ್ರಶ್ನೆ: ಹಾಗಾದರೆ ಗುರುವಿನಿಂದ ಶಿಷ್ಯನಿಗೆ ಬಿಡದೆ ಬಂದ ಹಳೆಯ ಕೊರಿಯನ್ ವಿದ್ಯೆ ಒಂದೂ ಇಲ್ಲವಾ?

ಉತ್ತರ: ಇದೆ. ಸ್ಸಿರುಮ್ ಕುಸ್ತಿ ಇದೆ. 2018ರಲ್ಲಿ ಉತ್ತರ ಮತ್ತು ದಕ್ಷಿಣ ಕೊರಿಯಾ ಎರಡರ ಹೆಸರಲ್ಲೂ ಅದು ಯುನೆಸ್ಕೊ ಪಟ್ಟಿಗೆ ಸೇರಿತು. ಬಿಲ್ಲುವಿದ್ಯೆಯೂ ಇದೆ. ಆದರೆ ನನಗೆ ಎಲ್ಲಕ್ಕಿಂತ ಪ್ರೀತಿ ತೇಕ್ಯೊನ್ ಮೇಲೆ.

ಅದು ಉಳಿದದ್ದು ಒಬ್ಬ ಮನುಷ್ಯನಿಂದ ಅಂದರೆ ತಪ್ಪಿಲ್ಲ. 1893ರಲ್ಲಿ ಹುಟ್ಟಿದ ಸೊಂಗ್ ದೊಕ್ ಗಿ ಹುಡುಗನಿದ್ದಾಗ ಇಮ್ ಹೊ ಎಂಬ ಗುರುವಿನಿಂದ ತೇಕ್ಯೊನ್ ಕಲಿತರು. ಜಪಾನಿನ ಆಳ್ವಿಕೆಯಲ್ಲಿ ಆಟ ನಿಂತೇಹೋಯಿತು, ಯುದ್ಧ ಬಂತು, ದೇಶ ಎರಡಾಯಿತು, ಹೊಸ ಹುಡುಗರೆಲ್ಲ ಕರಾಟೆಯ ಕಡೆ ಹೋದರು, ಈ ಮುದುಕನ ಕಾಲಲ್ಲಿ ಮಾತ್ರ ಆ ಹೆಜ್ಜೆ ಉಳಿದಿತ್ತು. ಆಮೇಲೆ ಶಿನ್ ಹಾನ್ ಸುಂಗ್ ಬಂದು ಅವರಿಂದ ಕಲಿತು, ಕಲಿಸಲು ಬರುವಂತೆ ಅದನ್ನು ಜೋಡಿಸಿದರು. 1983ರಲ್ಲಿ ಸರ್ಕಾರ ತೇಕ್ಯೊನ್ ಅನ್ನು 76ನೇ ಪ್ರಮುಖ ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು. ನಾಲ್ಕೇ ವರ್ಷ, 1987ರಲ್ಲಿ ಗುರು ಶಿಷ್ಯ ಇಬ್ಬರೂ ತೀರಿಕೊಂಡರು. ಆ ಘೋಷಣೆ ಹತ್ತು ವರ್ಷ ತಡವಾಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. 2011ರಲ್ಲಿ ಅದೂ ಯುನೆಸ್ಕೊ ಪಟ್ಟಿಗೆ ಬಂತು.

ಇವತ್ತು ತೇಕ್ಯೊನ್‌ನಲ್ಲೂ ಬಣಗಳಿವೆ. ಸೊಂಗ್ ಅವರಿಂದಲೇ ನೇರ ಕಲಿತವರ ಸಾಲು ಒಂದು ಕಡೆ, ಶಿನ್ ಜೋಡಿಸಿದ ಕ್ರಮವನ್ನು ಚುಂಗ್ಜು ನಗರದಲ್ಲಿ ಮುಂದುವರಿಸಿದವರು ಇನ್ನೊಂದು ಕಡೆ. ಯಾವುದು ಅಸಲಿ ಅಂತ ಅವರ ನಡುವೆ ವಾದ ಇದೆ. ವೀಡಿಯೊ ಸಿಕ್ಕರೆ ಒಮ್ಮೆ ನೋಡಿ. ಆಡುವವರು ಟೇಕ್ವಾಂಡೊದವರ ಹಾಗೆ ಕುಪ್ಪಳಿಸುವುದಿಲ್ಲ, ಮೂರು ಮೂಲೆಗಳನ್ನು ತುಳಿಯುತ್ತಾ ಮೈಯನ್ನು ತೂಗುತ್ತಾರೆ, 'ಇಕ್' 'ಎಕ್' ಅಂತ ಕೂಗುತ್ತಾರೆ. ಎದುರಾಳಿಯನ್ನು ಕೆಡವಿದರೆ ಗೆಲುವು, ತಲೆಗೆ ಒದೆತ ಮುಟ್ಟಿಸಿದರೂ ಗೆಲುವು.