ಬಣ್ಣ ಆಮೇಲೆ, ಬಿರುಕಿನ ಫೋಟೊ ಮೊದಲು

ಮೈಸೂರಿನ ಹೊರವಲಯದ ಓದುಗರೊಬ್ಬರ ಪತ್ರದ ಸಾರ: ‘ನಮ್ಮದು ಕಡಿಮೆ ಬೆಲೆಯ 96 ಮನೆಗಳ ವಸತಿ ಸಮುಚ್ಚಯ. ಮನೆ ಕೈಗೆ ಬಂದು ನಾಲ್ಕು ವರ್ಷವಾಯಿತು. ಬಿಲ್ಡರ್ ನೇಮಿಸಿದ್ದ ಏಜೆನ್ಸಿ ಲೆಕ್ಕ ಒಪ್ಪಿಸದೆ ಹೊರಟುಹೋಗಿದೆ. ಸಂಪು ಸೋರುತ್ತಿದೆ. ಅರ್ಧಕ್ಕರ್ಧ ಮನೆಯವರು ನಿರ್ವಹಣಾ ಶುಲ್ಕ ಕಟ್ಟುತ್ತಿಲ್ಲ. ಈಗ ನನ್ನನ್ನು ಕಾರ್ಯದರ್ಶಿಯಾಗಿ ಆರಿಸಿದ್ದಾರೆ. ಮೊದಲು ಹೊರಗೋಡೆಗೆ ಬಣ್ಣ ಹೊಡೆಸಿದರೆ ಜನರಿಗೆ ಹುರುಪು ಬರುತ್ತದೆ ಎಂಬುದು ಸಮಿತಿಯ ಅಭಿಪ್ರಾಯ. ಎಲ್ಲಿಂದ ಶುರು ಮಾಡಲಿ?’

ಸಂಪಾದಕರ ಉತ್ತರ:

ಬಣ್ಣ ಸದ್ಯಕ್ಕೆ ಬೇಡವೇ ಬೇಡ. ಮನೆ ಒಪ್ಪಿಸಿದ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನಗಳೊಳಗೆ ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಡಬೇಕೆಂದು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಕಲಂ ಹೇಳುತ್ತದೆ. ನಿಮಗೆ ಉಳಿದಿರುವುದು ಹೆಚ್ಚೆಂದರೆ ಒಂದು ವರ್ಷ. ಈಗ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿದರೆ, ಬಿಲ್ಡರ್ ವಿರುದ್ಧದ ಸಾಕ್ಷ್ಯವನ್ನು ಸಂಘದ ದುಡ್ಡಿನಲ್ಲೇ ಮುಚ್ಚಿಹಾಕಿದಂತಾಗುತ್ತದೆ. ಸಂಪಿನ ಗೋಡೆ, ತಾರಸಿಯ ಮೂಲೆ, ಮೆಟ್ಟಿಲಿನ ಅಡಿಯಲ್ಲಿ ಗಾರೆ ಉದುರಿ ಕಾಣುವ ತುಕ್ಕು ಹಿಡಿದ ಕಂಬಿ, ಇವುಗಳ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ ತೆಗೆಸಿ. ಸಿವಿಲ್ ಎಂಜಿನಿಯರ್ ಒಬ್ಬರಿಂದ ವರದಿ ಬರೆಸಿ, ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ನೋಟಿಸ್ ಕಳುಹಿಸಿ. ‘ನೋಡೋಣ ಮೇಡಂ’ ಎಂಬ ಫೋನ್ ಮಾತನ್ನು ನಂಬಿ ಕೂರಬೇಡಿ.

ಅದೇ ನೋಟಿಸಿನಲ್ಲಿ ಮಂಜೂರಾದ ನಕ್ಷೆ, ನೀರು ಮತ್ತು ಒಳಚರಂಡಿ ಪೈಪುಗಳ ನಕ್ಷೆಗಳನ್ನೂ ಕೇಳಿ. ಅವನ್ನು ಒಪ್ಪಿಸುವುದು ಬಿಲ್ಡರ್ ಹೊಣೆ. ಸಾಮಾನ್ಯ ವಿದ್ಯುತ್ ಮೀಟರ್ ಯಾರ ಹೆಸರಿನಲ್ಲಿದೆ, ಬಾಕಿ ಎಷ್ಟಿದೆ ಎಂಬುದನ್ನು ನೀವೇ ಹೋಗಿ ವಿಚಾರಿಸಿ.

ನಿಮ್ಮ ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂದು ನೀವು ಬರೆದಿಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘ ಕಟ್ಟಿಕೊಂಡು ನಿಶ್ಚಿಂತರಾಗುವವರು ನಮ್ಮಲ್ಲಿ ಬಹಳ ಮಂದಿ. ಗಣೇಶನನ್ನು ಕೂರಿಸುವುದಕ್ಕೆ ಅಷ್ಟು ಸಾಕು. ಬಾಕಿ ವಸೂಲಿಗೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಬಲ ಬೇಕು. ಅದರಡಿ ಘೋಷಣಾ ಪತ್ರ (ಸಮುಚ್ಚಯವನ್ನು ಆ ಕಾಯ್ದೆಗೆ ಒಳಪಡಿಸುವ ದಾಖಲೆ, ‘ಡೀಡ್ ಆಫ್ ಡಿಕ್ಲರೇಶನ್’) ನೋಂದಣಿಯಾಗಿದ್ದರೆ, ಕಟ್ಟದೆ ಉಳಿದ ಸಾಮಾನ್ಯ ವೆಚ್ಚ ಆ ಮನೆಯ ಮೇಲಿನ ಋಣಭಾರವಾಗುತ್ತದೆ. ನಿಮ್ಮ ಸಂಘದ ನೋಂದಣಿ ಪತ್ರಗಳನ್ನು ವಕೀಲರಿಗೆ ತೋರಿಸಿ.

ಇನ್ನು ಹುರುಪಿನ ಮಾತು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಬಡವರಿಗಾಗಿ 1950ರ ದಶಕದಲ್ಲಿ ಪ್ರೂಟ್-ಐಗೋ ಎಂಬ 33 ಬಹುಮಹಡಿ ಕಟ್ಟಡಗಳನ್ನು ಕಟ್ಟಿದರು. ಕಟ್ಟಲು ಸರ್ಕಾರದ ಹಣವಿತ್ತು, ನಿರ್ವಹಣೆ ಮಾತ್ರ ಬಾಡಿಗೆಯಿಂದಲೇ ಸಾಗಬೇಕಿತ್ತು. ರಿಪೇರಿ ನಿಂತಿತು, ಜನ ಬಿಟ್ಟುಹೋದರು, ಬಾಡಿಗೆ ಇನ್ನಷ್ಟು ಇಳಿಯಿತು. 1972ರಲ್ಲಿ ಕೆಡವಲು ಶುರು ಮಾಡಿದರು. ಅದೇ ನಗರದ ಕಾಕ್ರನ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯ ಕೂಡ ಅದೇ ದಾರಿ ಹಿಡಿದಿತ್ತು. 1976ರಲ್ಲಿ ಅದರ ಆಡಳಿತವನ್ನು ಬಾಡಿಗೆದಾರರೇ ವಹಿಸಿಕೊಂಡರು. ಅವರ ಮುಂದಾಳು ಬರ್ತಾ ಗಿಲ್ಕಿ ಮೊದಲು ಕೈಹಾಕಿದ್ದು ಎಲ್ಲರೂ ಬಟ್ಟೆ ಒಗೆಯುವ ಕೋಣೆಗೆ. ಚಂದಾ ಎತ್ತಿ ಅದರ ಬಾಗಿಲಿಗೊಂದು ಬೀಗ ತಂದರು. ಬಣ್ಣವನ್ನೂ ಹಚ್ಚಿದರು ಅನ್ನಿ, ಆದರೆ ಬೀಗ ಬಿದ್ದ ಮೇಲೆ. ಮುಂದೆ ಆ ಸಮುಚ್ಚಯವೂ ಉಳಿಯಲಿಲ್ಲ, ಆ ಕಥೆ ಬೇರೆ.

ನಿಮ್ಮಲ್ಲಿ ಅಂಥ ಮೊದಲ ಕೆಲಸ ನೀರಿನದು. ಸಂಪಿನ ಫೋಟೊ, ವರದಿ ಆದ ಮೇಲೆ ತಾತ್ಕಾಲಿಕವಾಗಿ ಸೋರಿಕೆ ನಿಲ್ಲಿಸಿ, ಮೋಟರ್ ರಿಪೇರಿ ಮಾಡಿಸಿ, ನೀರು ಬಿಡುವ ಹೊತ್ತು ಗೊತ್ತುಮಾಡಿ. ಆ ತಿಂಗಳ ಜಮಾ-ಖರ್ಚನ್ನು ರಸೀದಿ ಸಮೇತ ನೆಲಮಹಡಿಯ ಗೋಡೆಗೆ ಅಂಟಿಸಿ. ಶುಲ್ಕ ಕೊಡದವರಲ್ಲಿ ಎಷ್ಟೋ ಮಂದಿ ಜಿಪುಣರಲ್ಲ, ಏಜೆನ್ಸಿಯಿಂದ ಮೋಸಹೋದವರು. ಗೋಡೆಯ ಮೇಲೆ ಲೆಕ್ಕ ಕಂಡಾಗ ಅವರಲ್ಲಿ ಕೆಲವರಾದರೂ ಕೊಡುತ್ತಾರೆ. ಹಳೆಯ ಬಾಕಿಯನ್ನು ಮೊದಲ ತಿಂಗಳೇ ಕೇಳಲು ಹೋಗಬೇಡಿ. ಬಾಡಿಗೆದಾರರ ಮೇಲೆ ಕೂಗಾಡಲೂಬೇಡಿ, ಅವರ ಮಾಲೀಕರಿಗೆ ಪತ್ರ ಬರೆಯಿರಿ.

ಒಳಚರಂಡಿ ಗುಂಡಿ ಕಟ್ಟಿಕೊಂಡಾಗ ‘ಐನೂರು ಕೊಟ್ಟರೆ ಇಳಿಯುತ್ತಾನೆ’ ಎಂದು ಯಾರಾದರೂ ಒಬ್ಬನನ್ನು ಕರೆತರುತ್ತಾರೆ. ಒಪ್ಪಬೇಡಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಡಿ ಹಾಗೆ ಇಳಿಸುವುದು ಶಿಕ್ಷಾರ್ಹ ಅಪರಾಧ, ಜೀವ ಹೋಗುವ ಕೆಲಸ. ಹೀರುಯಂತ್ರದ ವಾಹನವನ್ನೇ ಕರೆಸಿ, ಅದರ ಖರ್ಚನ್ನು ಈ ವರ್ಷದ ಬಜೆಟ್‌ನಲ್ಲಿ ಈಗಲೇ ತೆಗೆದಿರಿಸಿ.