ಕಪಾಟಿಗೆ ಬಿದ್ದ ಬೀಗ: ಬರೆಯುವ ಹುಡುಗಿಯ ಒಂದು ಪ್ರಕರಣ

(ಹುಡುಗಿ ಮತ್ತು ಹೆತ್ತವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಕಾಸರಗೋಡು ಜಿಲ್ಲೆಯ ಒಳನಾಡಿನ ಊರು. ಹುಡುಗಿಗೆ 17 ವರ್ಷ, ಪ್ಲಸ್ ಟು ವಿಜ್ಞಾನ. ಮನೆಮಾತು ತುಳು, ಹತ್ತನೆಯವರೆಗೆ ಕನ್ನಡ ಮಾಧ್ಯಮ, ಈಗ ತರಗತಿಯಲ್ಲಿ ಇಂಗ್ಲಿಷು, ಗೆಳತಿಯರ ಜೊತೆ ಮಲಯಾಳ. ಮನೆಗೆ ಸ್ವಲ್ಪ ಅಡಿಕೆ ತೋಟ, ಗುಡ್ಡದ ಬುಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ, ಅಜ್ಜನ ಕಾಲದ ಸುರಂಗ. ಆಪ್ತಸಲಹೆಗೆ ಕರೆದುಕೊಂಡು ಬಂದದ್ದು ಅಪ್ಪ. "ಮೊದಲು ಹೀಗಿರ್ಲಿಲ್ಲ ಟೀಚರೇ. ಈಗ ಊಟ ಬೇಡ, ಮಾತು ಬೇಡ, ಪುಸ್ತಕವೂ ಬೇಡ ಅಂತಾಳೆ" ಎಂದರು.

ಪುಸ್ತಕ ಬೇಡವಾದದ್ದಕ್ಕೆ ಕಾರಣ ಮನೆಯಲ್ಲೇ ಇತ್ತು. ಕ್ರಿಸ್‌ಮಸ್ ಪರೀಕ್ಷೆಯಲ್ಲಿ ಅಂಕ ಇಳಿದಾಗ ಅಪ್ಪ ಕಥೆ, ಕವನದ ಪುಸ್ತಕಗಳನ್ನೆಲ್ಲ ಕಪಾಟಿಗೆ ಹಾಕಿ ಬೀಗ ಜಡಿದಿದ್ದರು. ಅದೇ ವಾರ ಅಮ್ಮ ಹಾಸಿಗೆಯಡಿಯ ನೋಟ್‌ಬುಕ್ ತೆಗೆದು ಓದಿದರು. ಒಂದು ಪದ್ಯದಲ್ಲಿ "ಕೆರೆಯ ತಳದಲ್ಲಿ ಕೂತು ನೋಡಬೇಕು" ಎಂಬ ಸಾಲಿತ್ತು. ಅಮ್ಮ ಹೆದರಿದರು, ನೋಟ್‌ಬುಕ್ಕೂ ಕಪಾಟು ಸೇರಿತು. ಮಗಳನ್ನು ಒಂದು ಮಾತೂ ಕೇಳಿರಲಿಲ್ಲ.

ಹೆದರಿದ್ದು ತಪ್ಪಲ್ಲ, ಕೇಳದೆ ಇದ್ದದ್ದು ತಪ್ಪು. ಪದ್ಯದ ಸಾಲು ಹಿಡಿದು ಕಾಯಿಲೆ ನಿರ್ಧರಿಸಲು ಆಗುವುದಿಲ್ಲ, ಹಾಗೆಂದು ಬರೀ ಪದ್ಯ ಎಂದು ಬಿಡುವ ಹಾಗೂ ಇಲ್ಲ. ಹೆತ್ತವರನ್ನು ಹೊರಗೆ ಕೂರಿಸಿ ನೇರವಾಗಿಯೇ ಕೇಳಲಾಯಿತು: ಸಾಯಬೇಕು ಅಂತ ಅನ್ನಿಸ್ತದಾ? ಹೇಗೆ ಅಂತ ಯೋಚನೆ ಬಂದದ್ದುಂಟಾ? ಅದಕ್ಕೆ ಏನಾದರೂ ತಯಾರಿ ಮಾಡಿದ್ದೀಯಾ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಎಂಬ ಭಯ ನಮ್ಮ ಊರುಗಳಲ್ಲಿ ಬಹಳ. ಹಾಗೆ ಆಗುವುದಿಲ್ಲ, ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ. ಅವಳು ಮೂರಕ್ಕೂ ಇಲ್ಲ ಅಂದಳು. ಕೆರೆಯ ಸಾಲು ಹುಟ್ಟಿದ್ದು ಬೇಸಗೆಯಲ್ಲಿ ಹೂಳೆತ್ತುವಾಗ. ನೀರೆಲ್ಲ ಪಂಪಿನಲ್ಲಿ ಖಾಲಿ ಮಾಡಿದ ಮೇಲೆ ತಳದ ಕೆಸರಲ್ಲಿ ಅಜ್ಜಿಯ ಕಾಲದ ತಾಮ್ರದ ಚೆಂಬು ಸಿಕ್ಕಿತ್ತಂತೆ, ಆ ತಳ ಹೇಗಿರುತ್ತದೆ ಎಂಬ ಕುತೂಹಲ ಅಷ್ಟೆ.

ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಮಾಪನದಲ್ಲಿ 27ಕ್ಕೆ 12 ಬಂತು, ಅಂದರೆ ಮಧ್ಯಮ ಮಟ್ಟದ ಖಿನ್ನತೆಯ ಲಕ್ಷಣ. ಸಾವಿನ ಯೋಚನೆಯ ಕೊನೆಯ ಪ್ರಶ್ನೆಗೆ ಸೊನ್ನೆ. ನಿದ್ದೆ ರಾತ್ರಿ ಒಂದು ಗಂಟೆಯ ಮೇಲೆ, ಅಲ್ಲಿಯವರೆಗೆ ಮೊಬೈಲು. ಮುಖ ಬಿಳಿಚಿತ್ತು, ಹಾಗಾಗಿ ರಕ್ತಪರೀಕ್ಷೆಗೆ ಕಳಿಸಲಾಯಿತು. ಹಿಮೋಗ್ಲೋಬಿನ್ 9.6. ಈ ವಯಸ್ಸಿನ ಹುಡುಗಿಯರಲ್ಲಿ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ಸುಸ್ತಿನ ಒಂದು ಪಾಲು ಮನಸ್ಸಿನದಲ್ಲ, ರಕ್ತದ್ದು. ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು. ಚಹಾದ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ, ಒಂದು ಗಂಟೆಯಾದರೂ ಅಂತರ ಬೇಕು ಎಂದು ಅಮ್ಮನಿಗೆ ಹೇಳಬೇಕಾಯಿತು. ಬೆಳಿಗ್ಗೆ ಚಹಾದ ಗ್ಲಾಸಿನ ಜೊತೆಯೇ ಮಾತ್ರೆ ಕೊಡುತ್ತಿದ್ದರು.

ಮೊದಲ ಸಲಹೆ ಹೆತ್ತವರಿಗೆ: ಬೀಗ ಇವತ್ತೇ ತೆಗೆಯಿರಿ, ನೋಟ್‌ಬುಕ್ ಅವಳ ಕೈಗೆ ಕೊಟ್ಟು "ಓದಬಾರದಿತ್ತು" ಅಂತ ಬಾಯಿಬಿಟ್ಟು ಹೇಳಿ. ಅಪ್ಪ ಒಂದು ಷರತ್ತು ಇಟ್ಟರು, ಅಂಕ ಬಂದರೆ ಪುಸ್ತಕ ಅಂತ. ಇದಕ್ಕೆ ಒಪ್ಪಲಿಲ್ಲ. ಇಷ್ಟದ ಓದನ್ನು ಬಹುಮಾನ ಮಾಡಿದರೆ ಅದು ಅಂಕದ ಬಾಲವಾಗುತ್ತದೆ, ಅಂಕ ಬಾರದ ದಿನ ಎರಡೂ ಹೋಗುತ್ತವೆ. ಮನಸ್ಸು ಕುಸಿದವರಿಗೆ ಮೊದಲು ಬೇಕಾದದ್ದು ಹಿಂದೆ ಸಂತೋಷ ಕೊಡುತ್ತಿದ್ದ ಸಣ್ಣ ಕೆಲಸ, ದಿನಾ ಒಂದೇ ಹೊತ್ತಿಗೆ, ಮನಸ್ಸು ಬರಲಿ ಬಾರದಿರಲಿ. ಉತ್ಸಾಹ ಬಂದ ಮೇಲೆ ಮಾಡೋಣ ಅಂದರೆ ಅದು ಬರುವುದೇ ಇಲ್ಲ. ಕೆಲಸ ಮುಂದೆ, ಉತ್ಸಾಹ ಹಿಂದೆ.

"ಬರೆದರೆ ಹೊಟ್ಟೆ ತುಂಬ್ತದಾ?" ಎಂದು ಅಪ್ಪ ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಪೆರಡಾಲದಲ್ಲಿ ಮೇಷ್ಟ್ರಾಗಿ, ಮನೆಯಲ್ಲಿ ಕೃಷಿಕರಾಗಿ ದುಡಿಯುತ್ತಲೇ ಬರೆದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನು ನೆನಪಿಸಿದಾಗ ಅವರೇ "ನಮ್ಮ ಊರಿನ ಕಡೆಯವರಲ್ವಾ" ಅಂದರು. ದುಡಿಮೆ ಒಂದು ಕಡೆ ಇರಲಿ, ಬರವಣಿಗೆಗೆ ಅದರದೇ ಜಾಗ ಇರಲಿ ಎಂಬಲ್ಲಿಗೆ ಮಾತು ನಿಂತಿತು.

ಹುಡುಗಿಗೆ ಎರಡು ನೋಟ್‌ಬುಕ್. ಒಂದರಲ್ಲಿ ಪದ್ಯ, ಅದು ಬಂದಾಗ ಬರಲಿ. ಇನ್ನೊಂದರಲ್ಲಿ ದಿನಕ್ಕೆ ಐದೇ ಸಾಲು: ಕಂಡದ್ದು, ಕೇಳಿದ್ದು, ಮುಟ್ಟಿದ್ದು. "ಸುಂದರ", "ಬೇಸರ" ಮುಂತಾದ ಮಾತು ಬೇಡ, ಪ್ರಾಸವೂ ಬೇಡ. ಪ್ರಾಸ ಕೂಡದ ಸಾಲನ್ನೆಲ್ಲ ಅವಳು ಹರಿದು ಎಸೆಯುತ್ತಿದ್ದಳು, ಪ್ರಾಸ ಇಲ್ಲದಿದ್ದರೆ ಪದ್ಯವೇ ಅಲ್ಲ ಎಂಬ ನಂಬಿಕೆ. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕೆಂಬ ಆದಿಪ್ರಾಸದ ಕಟ್ಟನ್ನು 1911ರಲ್ಲೇ ಮಂಜೇಶ್ವರದ ಕವಿ ಗೋವಿಂದ ಪೈಗಳು ಬಿಟ್ಟಿದ್ದರು ಎಂದಾಗ ಹುಡುಗಿ ಮೊದಲ ಸಲ ತಲೆ ಎತ್ತಿ ನೋಡಿದಳು.

ಮೊದಲ ವಾರ ಇದು ಕೆಟ್ಟಿತು. ಏಳು ದಿನದಲ್ಲಿ ಬರೆದದ್ದು ಎರಡೇ ದಿನ. ಸಮಯವನ್ನು ರಾತ್ರಿ ಓದಿನ ನಂತರ ಇಟ್ಟುಕೊಂಡಿದ್ದಳು, ಆ ಹೊತ್ತಿಗೆ ತಲೆ ಬಳಲಿರುತ್ತದೆ, ಕೈಗೆ ಸಿಗುವುದು ಮೊಬೈಲೇ. ಬೆಳಿಗ್ಗೆ 6.15ಕ್ಕೆ ಬದಲಿಸಲಾಯಿತು, ಬಸ್ಸಿಗೆ ಮೊದಲು ಇಪ್ಪತ್ತು ನಿಮಿಷ, ಜಾಗ ಸುರಂಗದ ಬಾಯಿ. ಮೊಬೈಲು ರಾತ್ರಿ ಹತ್ತಕ್ಕೆ ಜಗಲಿಯ ಚಾರ್ಜರಿಗೆ. ಅಪ್ಪ ಅಮ್ಮನದ್ದೂ ಅಲ್ಲಿಗೇ, ಅವಳದ್ದು ಮಾತ್ರ ಅಂದರೆ ಅದು ಶಿಕ್ಷೆ ಆಗುತ್ತದೆ.

ಜನವರಿ ಕೊನೆಯ ಒಂದು ಪುಟವನ್ನು ಅವಳೇ ಓದಿ ತೋರಿಸಿದಳು: "ದಂಬೆಯ ತುದಿಯಲ್ಲಿ ಪಾಚಿ. ನೀರು ಎರಡು ಎಳೆ. ಒಳಗಿಂದ ತಂಪು ಗಾಳಿ, ಜೊತೆಗೆ ಬಾವಲಿ ವಾಸನೆ. ಕೊಡಪಾನ ತುಂಬಲು ನೂರ ಎಂಬತ್ತು ಎಣಿಸಿದೆ. ಕಟ್ಟಪುಣಿಯ ಮೇಲೆ ಅಜ್ಜಿಯ ಚಪ್ಪಲಿ ಒಂದೇ." ದಂಬೆ ಅಂದರೆ ನೀರು ಹರಿದು ಬರಲು ಇಟ್ಟ ಅಡಿಕೆ ಮರದ ಸೀಳು. ಹಿಂದಿನ ಪದ್ಯಗಳಲ್ಲಿ "ಗದ್ದೆಯ ಬದು" ಎಂದು ಬರೆಯುತ್ತಿದ್ದವಳು ಇಲ್ಲಿ ಕಟ್ಟಪುಣಿ ಅಂದಿದ್ದಳು. ಕೇಳಿದರೆ, "ಅದು ಪುಸ್ತಕದ ಶಬ್ದ ಅಲ್ಲ ಅಂತ ಬಿಟ್ಟಿದ್ದೆ ಟೀಚರ್" ಅಂದಳು. ಗಡಿನಾಡಿನ ಮಕ್ಕಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಮನೆಯ ಮಾತು ಬರವಣಿಗೆಗೆ ಸಲ್ಲದು ಎಂದುಕೊಂಡು, ತಾವು ಕಂಡದ್ದನ್ನೇ ಬಿಟ್ಟು ಕಾಣದ ಕೋಗಿಲೆಯ ಬಗ್ಗೆ ಬರೆಯುತ್ತಾರೆ. ಬರೆದದ್ದು ತಮ್ಮದಲ್ಲ ಎಂದು ಅನಿಸತೊಡಗಿದಾಗ ಬರೆಯುವ ಖುಷಿಯೂ ಹೋಗುತ್ತದೆ.

ಓದಿಗೆ ಕೊಟ್ಟದ್ದು ಸರಳ ಕ್ರಮ. ಪಠ್ಯದ ಓದು ಐವತ್ತು ನಿಮಿಷ, ಹತ್ತು ನಿಮಿಷ ಅಂಗಳಕ್ಕೆ, ಒಣಹಾಕಿದ ಅಡಿಕೆಯನ್ನು ಕಾಲಲ್ಲಿ ಮಗುಚಿದರೂ ಸಾಕು. ಮಲಗುವ ಮುಂಚೆ ಒಂದೇ ಪದ್ಯ, ಗಟ್ಟಿಯಾಗಿ, ಎರಡು ಸಲ. ಕಾದಂಬರಿ ಪರೀಕ್ಷೆ ಮುಗಿಯುವವರೆಗೆ ಬೇಡ ಎಂದು ಅವಳೇ ಹೇಳಿದಳು, ಹಿಡಿದರೆ ಬಿಡಲಾಗುವುದಿಲ್ಲವಂತೆ. ಊರಿನ ವಾಚನಾಲಯದಲ್ಲಿ ಅವಳ ಹೆಸರಿಗೇ ಸದಸ್ಯತ್ವ ಮಾಡಿಸಲು ಅಪ್ಪನಿಗೆ ಹೇಳಲಾಯಿತು. ಮಾಡಿಸಿದರು, ಜೊತೆಗೆ ಹೋಗಿ ಬಂದರು.

ಅಪಾಯ ಇಲ್ಲ ಎಂದು ಅನಿಸಿದ ಮನೆಯಲ್ಲೂ ಎರಡು ಸಹಾಯವಾಣಿ ಸಂಖ್ಯೆ ಗೋಡೆಯಲ್ಲಿ ಬರೆದಿರಬೇಕು: ಟೆಲಿ ಮಾನಸ್ 14416, ಕೇರಳದ ದಿಶಾ 1056. ಮಗು ಸಾವಿನ ಮಾತೆತ್ತಿದರೆ, ತನ್ನ ವಸ್ತುಗಳನ್ನು ಹಂಚತೊಡಗಿದರೆ ಮುಂದಿನ ಭೇಟಿಗೆ ಕಾಯಬೇಡಿ. ತೋಟದ ಮನೆಗಳಲ್ಲಿ ಕೀಟನಾಶಕದ ಡಬ್ಬಿಗಳಿಗೆ ಬೀಗ ಬೇಕು. ಪುಸ್ತಕದ ಕಪಾಟಿನ ಬೀಗವನ್ನು ಅಲ್ಲಿಗೆ ಹಾಕಿ ಎಂದದ್ದಕ್ಕೆ ಅಪ್ಪ ಆ ದಿನವೇ ಹಾಕಿದರು.

ಆರನೆಯ ಭೇಟಿ ಮಾರ್ಚ್ ಪರೀಕ್ಷೆಯ ಮುಂಚೆ. ಮಾಪನ 5ಕ್ಕೆ ಇಳಿದಿತ್ತು, ನಿದ್ದೆ ಹತ್ತೂವರೆಗೆ, ಹಿಮೋಗ್ಲೋಬಿನ್ 11.2. ಭೌತಶಾಸ್ತ್ರ ಇನ್ನೂ ಕಷ್ಟವೇ, ಅದಕ್ಕೆ ಟ್ಯೂಷನ್ ಬೇಕು, ಆಪ್ತಸಲಹೆ ಅಲ್ಲ. ನೋಟ್‌ಬುಕ್ಕಿನಲ್ಲಿ ಕೊಡಪಾನದ ಎಣಿಕೆ ಮುನ್ನೂರ ಹತ್ತಕ್ಕೆ ಏರಿತ್ತು, ನೀರು ಒಂದೇ ಎಳೆ. ಆ ಸಂಖ್ಯೆಗಳನ್ನೇ ಇಟ್ಟುಕೊಂಡು ಒಂದು ಪದ್ಯ ಕಟ್ಟುತ್ತಿದ್ದಾಳೆ, ಯಾರಿಗೂ ತೋರಿಸಿಲ್ಲ, ಅಮ್ಮ ಕೇಳಿಯೂ ಇಲ್ಲ. ಮುಂದಿನ ಭೇಟಿ ಜುಲೈಗೆ. ಅಷ್ಟರಲ್ಲಿ ಮಳೆ ಹಿಡಿದು, ಎಣಿಕೆ ಇಳಿದಿರುತ್ತದೆ.