ಮೊದಲ ಸಲ ಆದರೆ ಶಾಸ್ತ್ರೀಯವನ್ನೇ ಕೇಳಿ

ನಮಸ್ಕಾರ. ಬದಿಯಡ್ಕದಿಂದ ಮುಂಬೈಗೆ ಮಗಳ ಮನೆಗೆ ಹೋಗುವಾಗ ಸಿಂಫನಿ ಆರ್ಕೆಸ್ಟ್ರಾ (ಪಾಶ್ಚಾತ್ಯ ವಾದ್ಯಗಳ ದೊಡ್ಡ ಮೇಳ) ಕೇಳಬೇಕು, ಹೊಸ ಸೀಸನ್‌ನಲ್ಲಿ ಪಾಶ್ಚಾತ್ಯ ಶಾಸ್ತ್ರೀಯವೋ ಸಿನಿಮಾ ಸಂಗೀತವೋ ಅಂತ ಕೇಳಿದ್ದೀರಿ. ಒಂದೇ ಸಂಜೆ ಬಿಡುವಿದ್ದರೆ ಶಾಸ್ತ್ರೀಯಕ್ಕೇ ಹೋಗಿ. ಸಿನಿಮಾ ಸಂಗೀತಕ್ಕೆ ಮೈಕು, ಸ್ಪೀಕರು ಜಾಸ್ತಿ. ಅದು ನಮ್ಮೂರ ಜಾತ್ರೆಯಲ್ಲೂ ಇದೆ, ಅಲ್ವಾ?

ಮುಂಬೈಯ ನರಿಮನ್ ಪಾಯಿಂಟಿನ ಎನ್‌ಸಿಪಿಎ ಎಂಬ ಕಲಾಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಶುರುವಾಗಿದ್ದು 2006ರಲ್ಲಿ. ಸೀಸನ್, ಅಂದರೆ ಕಛೇರಿಗಳ ಸರಣಿ, ಸಾಮಾನ್ಯವಾಗಿ ವರ್ಷಕ್ಕೆ ಎರಡು, ಫೆಬ್ರವರಿ ಮತ್ತು ಸೆಪ್ಟೆಂಬರ್ ಸುಮಾರಿಗೆ. ಟಿಕೆಟ್ ನೋಡಿಕೊಂಡೇ ರೈಲು ಬುಕ್ ಮಾಡಿ. ನೇತ್ರಾವತಿ ಎಕ್ಸ್‌ಪ್ರೆಸ್ ಕಾಸರಗೋಡಿನಲ್ಲಿ ನಿಲ್ಲುತ್ತದೆ.

ಸ್ವಲ್ಪ ಬೇಗ ಹೋಗಿ ಕೂತುಕೊಳ್ಳಿ. ಶುರುವಿಗೆ ಮೊದಲು ಓಬೋ ಎಂಬ ಊದುವ ವಾದ್ಯ ಒಂದೇ ಸ್ವರ ಹಿಡಿಯುತ್ತದೆ, ಉಳಿದವರೆಲ್ಲ ಅದಕ್ಕೆ ಶ್ರುತಿ ಸೇರಿಸುತ್ತಾರೆ. ನನಗಂತೂ ಅದಕ್ಕೇ ಟಿಕೆಟ್ಟಿನ ಅರ್ಧ ದುಡ್ಡು ವಸೂಲಿ!

ಜರ್ಮನ್ ಸಂಗೀತಕಾರ ಬೀಥೋವನ್‌ನ ಐದನೇ ಸಿಂಫನಿ (ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿ) ಇದ್ದರೆ ಬಿಡಬೇಡಿ. ಅರ್ಧ ಗಂಟೆಗೆ ಸ್ವಲ್ಪ ಜಾಸ್ತಿ, ನಾಲ್ಕು ಭಾಗ. ಮೂರನೆಯದು ನಿಲ್ಲದೆ ನಾಲ್ಕನೆಯದಕ್ಕೆ ನುಗ್ಗುತ್ತದೆ. ಟ್ರೊಂಬೋನ್ ಎಂಬ ಹಿತ್ತಾಳೆ ಕೊಳವೆ ವಾದ್ಯಗಳು ಬಾಯಿ ತೆರೆಯುವುದೇ ಅಲ್ಲಿ, ಅಷ್ಟರವರೆಗೆ ಸುಮ್ನೆ ಕೂತಿರುತ್ತವೆ.

ಭಾಗಗಳ ನಡುವೆ ಚಪ್ಪಾಳೆ ತಟ್ಟುವ ರೂಢಿ ಇಲ್ಲ. ಅನುಮಾನ ಬಂದರೆ ಪಕ್ಕದವರು ತಟ್ಟಿದ ಮೇಲೆ ತಟ್ಟಿ. ಸೀಟು ಬಾಲ್ಕನಿಯಲ್ಲೇ ಸಾಕು. ಮುಂದಿನ ಸಾಲಿನಲ್ಲಿ ಪಿಟೀಲಿನವರೇ ಅಡ್ಡ ಬರುತ್ತಾರೆ.